ಶಿಕ್ಷಕ ಹುದ್ದೆಯ ಸಂದರ್ಶನ: ಕರಿಹಲಗೆಯ ಮುಂದೆ ಹದಿನೈದು ನಿಮಿಷ



ನಿಮ್ಮಲ್ಲಿ ಕೆಲವರು ಪದವಿ ಮುಗಿಸಿ ಬಿ.ಎಡ್. ಸೇರುವ ಯೋಚನೆಯಲ್ಲಿರಬಹುದು. ಇನ್ನು ಕೆಲವರು ಅಭ್ಯಾಸ ಪಾಠಗಳನ್ನು ಮುಗಿಸಿ ಶಾಲೆಗಳಿಗೆ ಅರ್ಜಿ ಬರೆಯುತ್ತಿರಬಹುದು. ಶಿಕ್ಷಕರ ಹುದ್ದೆಗೆ ನಡೆಯುವ ಸಂದರ್ಶನದಲ್ಲಿ ನಿಮ್ಮಿಂದ ಏನನ್ನು ನಿರೀಕ್ಷಿಸುತ್ತಾರೆ ಎಂಬ ಬಗ್ಗೆ ಇಂದು ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಮೊದಲು ಅರ್ಹತೆಯ ವಿಷಯ. 1ರಿಂದ 8ನೇ ತರಗತಿಯವರೆಗೆ ಕಲಿಸುವವರಿಗೆ ಶಿಕ್ಷಕರ ಅರ್ಹತಾ ಪರೀಕ್ಷೆಯನ್ನು, ಅಂದರೆ ಟಿ.ಇ.ಟಿ.ಯನ್ನು, ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು 2010ರಲ್ಲಿ ಗೊತ್ತುಪಡಿಸಿತು. 1ರಿಂದ 5ನೇ ತರಗತಿಗೆ ಬಿ.ಎಡ್. ಅರ್ಹತೆಯಾಗದು ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ತೀರ್ಪು ನೀಡಿದೆ. ಆದ್ದರಿಂದ ಯಾವ ತರಗತಿಗೆ ಕಲಿಸಬೇಕೆಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳುವುದು ಒಳ್ಳೆಯದು. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳ ನೇಮಕಾತಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಮುಖ್ಯ ಸ್ಥಾನ. ಖಾಸಗಿ ಶಾಲೆಗಳಲ್ಲಿ ಬಹುಮಟ್ಟಿಗೆ ಸಂದರ್ಶನವೇ ನಿರ್ಣಾಯಕ.

ಸಾಮಾನ್ಯವಾಗಿ ಮುಖ್ಯೋಪಾಧ್ಯಾಯರು, ಆಡಳಿತ ಮಂಡಳಿಯವರೊಬ್ಬರು ಮತ್ತು ನಿಮ್ಮ ವಿಷಯ ಬಲ್ಲ ಹಿರಿಯ ಶಿಕ್ಷಕರೊಬ್ಬರು ಎದುರಿಗಿರುತ್ತಾರೆ. ನಿಮ್ಮ ಅಂಕಗಳನ್ನು ಅವರು ಅರ್ಜಿಯಲ್ಲೇ ನೋಡಿರುತ್ತಾರೆ. ಹಾಗಾದರೆ ಕರೆಸುವುದೇಕೆ? ಪಾಠ ಮಾಡಿಸಿ ನೋಡುವುದಕ್ಕೆ. ಕೈಗೆ ಸೀಮೆಸುಣ್ಣ ಕೊಟ್ಟು, ಹದಿನೈದು ಇಪ್ಪತ್ತು ನಿಮಿಷ ಪಾಠ ಮಾಡಿ ಎನ್ನುತ್ತಾರೆ. ಸಂದರ್ಶನದ ತಿರುಳು ಇದೇ.

ಒಂದು ಉದಾಹರಣೆ ನೋಡೋಣ. ನೀವು ಋತುಗಳ ಬಗ್ಗೆ ಪಾಠ ಮಾಡುತ್ತಿದ್ದೀರಿ. ಬೇಸಿಗೆ ಏಕೆ ಬರುತ್ತದೆ ಎಂದು ಕೇಳಿದಿರಿ. "ಆಗ ಭೂಮಿ ಸೂರ್ಯನಿಗೆ ಹತ್ತಿರ ಇರುತ್ತೆ ಸಾರ್" ಎಂದು ಒಬ್ಬ ಹುಡುಗ ಉತ್ತರಿಸಿದ. "ತಪ್ಪು, ಕೂತ್ಕೋ" ಎಂದು ಸರಿಯುತ್ತರವನ್ನು ಬರೆದುಬಿಡುವುದು ಒಂದು ದಾರಿ. ಆದರೆ ಆ ಹುಡುಗನ ಉತ್ತರದಲ್ಲಿ ತರ್ಕವಿದೆ. ಬೆಂಕಿಯ ಹತ್ತಿರ ಹೋದರೆ ಬಿಸಿ ಹೆಚ್ಚು ಎಂಬುದು ಅವನ ಅನುಭವ. ಅಲ್ಲಿಂದಲೇ ಪಾಠವನ್ನು ಮುಂದುವರಿಸಬಹುದು. ಭೂಮಿ ಸೂರ್ಯನಿಗೆ ಅತಿ ಸಮೀಪ ಬರುವುದು ಜನವರಿಯ ಆರಂಭದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್ ದೂರಕ್ಕೆ. ಜುಲೈ ಆರಂಭದಲ್ಲಿ ಆ ದೂರ ಸುಮಾರು 15.2 ಕೋಟಿ. "ಹಾಗಾದರೆ ಜನವರಿಯಲ್ಲಿ ನಮಗೆ ಚಳಿ ಯಾಕಪ್ಪಾ?" ಎಂದು ಕೇಳಿ. ಇಡೀ ತರಗತಿ ಯೋಚಿಸತೊಡಗುತ್ತದೆ.

ಆಮೇಲೆ ಒಂದು ಟಾರ್ಚ್ ತೆಗೆದು ಕರಿಹಲಗೆಗೆ ನೇರವಾಗಿ ಬೆಳಕು ಬಿಡಿ. ಪುಟ್ಟದಾದ, ಪ್ರಖರವಾದ ವೃತ್ತ ಕಾಣುತ್ತದೆ. ಅಷ್ಟೇ ದೂರದಿಂದ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಅದೇ ಬೆಳಕು ಹೆಚ್ಚು ಜಾಗಕ್ಕೆ ಹರಡಿ ಮಂಕಾಗುತ್ತದೆ. ಎರಡರ ಸುತ್ತಲೂ ಸೀಮೆಸುಣ್ಣದಿಂದ ಗೆರೆ ಎಳೆದು ತೋರಿಸಿ. ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ವಾಲಿರುವುದರಿಂದ, ಚಳಿಗಾಲದಲ್ಲಿ ನಮ್ಮ ಕಡೆಗೆ ಬಿಸಿಲು ಓರೆಯಾಗಿ ಬೀಳುತ್ತದೆ, ಹಗಲೂ ಚಿಕ್ಕದಾಗುತ್ತದೆ ಎಂಬುದು ಆ ಹುಡುಗನಿಗೂ ತಿಳಿಯುತ್ತದೆ. ಮಗುವಿನ ತಪ್ಪನ್ನು ನೀವು ಹೇಗೆ ಬಳಸಿಕೊಂಡಿರಿ ಎಂಬುದನ್ನು ಹಿಂದಿನ ಬೆಂಚಿನಲ್ಲಿ ಕುಳಿತ ಸಂದರ್ಶಕರು ಗಮನಿಸುತ್ತಾರೆ.

ದೂರದರ್ಶನದಲ್ಲಿ ಪಾಠದ ಕಾರ್ಯಕ್ರಮ ಮಾಡುವ ನಮಗೆ ಈ ಅನುಕೂಲವಿಲ್ಲ. ಕ್ಯಾಮೆರಾ ಆಕಳಿಸುವುದಿಲ್ಲ, ಹುಬ್ಬು ಗಂಟಿಕ್ಕುವುದಿಲ್ಲ, ತಪ್ಪು ಉತ್ತರ ಕೊಡುವುದಿಲ್ಲ. ತರಗತಿಯಲ್ಲಿ ಇವೆಲ್ಲ ನಿಮ್ಮ ಕಣ್ಣ ಮುಂದೆಯೇ ಇರುತ್ತವೆ. ಕರಿಹಲಗೆಯ ಕಡೆಗೇ ಮುಖ ಮಾಡಿ ನಿಂತವರಿಗೆ ಮಾತ್ರ ಕಾಣುವುದಿಲ್ಲ.

ಮತ್ತೊಂದು ಪ್ರಶ್ನೆ ಬಂದೇ ಬರುತ್ತದೆ: ಗಲಾಟೆ ಮಾಡುವ ಹುಡುಗನನ್ನು ಏನು ಮಾಡುತ್ತೀರಿ? 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಇದು ತಿಳಿದಿರಬೇಕು. ಜೊತೆಗೆ, ಅವನು ಏಕೆ ಗಲಾಟೆ ಮಾಡುತ್ತಾನೆಂದು ಮೊದಲು ವಿಚಾರಿಸುತ್ತೇನೆ ಎಂಬ ಮಾತು ನಿಮ್ಮ ಮನಸ್ಸಿನಿಂದಲೇ ಬರಬೇಕು. ಉತ್ತರ ಗೊತ್ತಿಲ್ಲದ ಪ್ರಶ್ನೆಗೆ "ಗೊತ್ತಿಲ್ಲ, ನೋಡಿಕೊಂಡು ಹೇಳುತ್ತೇನೆ" ಎನ್ನಲು ಹಿಂಜರಿಯಬೇಡಿ. ಮಕ್ಕಳ ಎದುರಿನಲ್ಲೂ ಹೇಳಬೇಕಾದ ಮಾತು ಅದು.

ಕೊನೆಯಲ್ಲಿ, "ನೀವು ಏನಾದರೂ ಕೇಳುವುದಿದೆಯೇ?" ಎನ್ನುತ್ತಾರೆ. ಸಂಕೋಚ ಬೇಡ. ಸಂಬಳ ಎಷ್ಟು, ಬೇಸಿಗೆ ರಜೆಯಲ್ಲೂ ಕೊಡುತ್ತಾರೆಯೇ, ವಾರಕ್ಕೆ ಎಷ್ಟು ಪೀರಿಯಡ್, ನೇಮಕಾತಿ ಪತ್ರ ಎಂದು ಸಿಗುತ್ತದೆ ಎಂದು ವಿನಯದಿಂದಲೇ ಕೇಳಿ. ಮೂಲ ಅಂಕಪಟ್ಟಿಗಳನ್ನು ತೋರಿಸಿ, ಪ್ರತಿಗಳನ್ನು ಕೊಡಿ. ಮೂಲವನ್ನು ಬಿಟ್ಟು ಬರಬೇಡಿ. ಅದು ಅವರ ಬಳಿ ಉಳಿದರೆ ಬೇರೆ ಕೆಲಸಕ್ಕೆ ಹೋಗುವ ನಿಮ್ಮ ಸ್ವಾತಂತ್ರ್ಯವೂ ಅಲ್ಲೇ ಉಳಿಯುತ್ತದೆ.

ಸಂದರ್ಶನಕ್ಕೆ ಮುಂಚೆ ಮನೆಯಲ್ಲಿ ತಮ್ಮನನ್ನೋ ಪಕ್ಕದ ಮನೆಯ ಹುಡುಗಿಯನ್ನೋ ಕೂರಿಸಿಕೊಂಡು ಒಮ್ಮೆ ಪಾಠ ಮಾಡಿ ನೋಡಿ. ಮುಗಿದ ಮೇಲೆ "ಅರ್ಥವಾಯಿತೇ?" ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. "ಈಗ ನೀನು ನನಗೆ ಹೇಳು" ಎನ್ನಿ. ನಿಮ್ಮ ಪಾಠ ಹೇಗಿತ್ತೆಂದು ಆಗ ತಿಳಿಯುತ್ತದೆ.