ಬೆಳಕಿನ ಗುಂಡಿ: ಜೀನ್‌ಗಳನ್ನು ಓದಿಸುವ ಹೊಸ ವಿದ್ಯೆ



ಭಾಷಾ ಶಿಕ್ಷಕಿಯಾದ ನಾನು ಈ ವಿಜ್ಞಾನದ ವಿಷಯವನ್ನು ಪುಸ್ತಕದ ಹೋಲಿಕೆಯಿಂದಲೇ ಆರಂಭಿಸುತ್ತೇನೆ. ನಮ್ಮ ದೇಹದ ಬಹುತೇಕ ಜೀವಕೋಶಗಳಲ್ಲಿ ಇರುವುದು ಒಂದೇ ಪುಸ್ತಕ. ಅದರ ಪಾಠಗಳೇ ಜೀನ್‌ಗಳು. ಕಣ್ಣಿನ ಕೋಶ ಕೆಲವು ಪಾಠಗಳನ್ನು ಓದಿದರೆ, ಯಕೃತ್ತಿನ ಕೋಶ ಬೇರೆ ಕೆಲವನ್ನು ಓದುತ್ತದೆ. ಪಾಠ ಓದಿದಂತೆ ಪ್ರೋಟೀನ್ ತಯಾರಾಗುತ್ತದೆ. ಇದೇ ಜೀನ್ ಅಭಿವ್ಯಕ್ತಿ.

ಬೇಕಾದ ಪಾಠವನ್ನು ಬೇಕಾದಾಗ ಓದಿಸಬಹುದೇ? ಇದಕ್ಕೆ ಪ್ರಯೋಗಾಲಯಗಳಲ್ಲಿ ರಾಸಾಯನಿಕಗಳನ್ನು ಬಳಸುತ್ತಾರೆ. ಆದರೆ ಹಾಲಿಗೆ ಹಾಕಿದ ಸಕ್ಕರೆಯಂತೆ ಅವು ಎಲ್ಲೆಡೆ ಬೆರೆಯುತ್ತವೆ, ಮತ್ತೆ ತೆಗೆಯುವುದು ಕಷ್ಟ. ಬೆಳಕನ್ನಾದರೋ ಬೇಕಾದ ಜಾಗಕ್ಕೆ ಮಾತ್ರ ಬಿಡಬಹುದು, ಸಾಕಾದಾಗ ಆರಿಸಬಹುದು.

2002ರಲ್ಲಿ ಅಮೆರಿಕದ ವಿಜ್ಞಾನಿಗಳು ಸಸ್ಯಗಳಲ್ಲಿ ಬೆಳಕನ್ನು ಗುರುತಿಸುವ ಫೈಟೋಕ್ರೋಮ್ ಪ್ರೋಟೀನನ್ನು ಯೀಸ್ಟ್ ಕೋಶಗಳಿಗೆ ಅಳವಡಿಸಿದರು. ಕೆಂಪು ಬೆಳಕಿಗೆ ಜೀನ್ ಚಾಲೂ ಆಯಿತು, ದೂರ-ಕೆಂಪು ಬೆಳಕಿಗೆ ನಿಂತಿತು. 2005ರಲ್ಲಿ, ನಮ್ಮ ಕರುಳಿನಲ್ಲಿ ಕತ್ತಲಲ್ಲೇ ಬಾಳುವ ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ನೀಲಿ-ಹಸಿರು ಪಾಚಿಯ ಬೆಳಕು ಗ್ರಾಹಕವನ್ನು ಜೋಡಿಸಿದರು. ಬೆಳಕು ಬಿದ್ದಲ್ಲಿ ಜೀನ್ ಸುಮ್ಮನಾಯಿತು, ಕತ್ತಲಿದ್ದಲ್ಲಿ ಕಪ್ಪು ಬಣ್ಣ ಮೂಡಿತು. ಹೀಗೆ ಬ್ಯಾಕ್ಟೀರಿಯಾಗಳೇ ಫೋಟೋ ತೆಗೆದವು!

2011ರಲ್ಲಿ ಸ್ವಿಟ್ಜರ್ಲೆಂಡಿನ ಮಾರ್ಟಿನ್ ಫುಸ್ಸೆನೆಗರ್ ಅವರ ತಂಡ ಇನ್ನೂ ಮುಂದೆ ಹೋಯಿತು. ನಮ್ಮ ಕಣ್ಣಿನಲ್ಲಿ ಹಗಲು-ರಾತ್ರಿಯ ಅರಿವು ಕೊಡುವ ಮೆಲನಾಪ್ಸಿನ್ ಪ್ರೋಟೀನನ್ನು ಮಾನವ ಕೋಶಗಳಿಗೆ ಸೇರಿಸಿ, ಆ ಕೋಶಗಳನ್ನು ಮಧುಮೇಹವಿದ್ದ ಇಲಿಗಳ ದೇಹದಲ್ಲಿಟ್ಟರು. ನೀಲಿ ಬೆಳಕು ಬಿಟ್ಟಾಗ ಅವು ಇನ್ಸುಲಿನ್ ಸ್ರವಿಸಲು ನೆರವಾಗುವ ಜಿಎಲ್‌ಪಿ-1 ಹಾರ್ಮೋನನ್ನು ತಯಾರಿಸಿದವು. ರಕ್ತದ ಸಕ್ಕರೆ ಹತೋಟಿಗೆ ಬಂತು.

ನಮ್ಮಲ್ಲಿ ಅನೇಕ ಮನೆಗಳಲ್ಲಿ ಸಕ್ಕರೆ ಕಾಯಿಲೆಯಿದೆ. ಆದ್ದರಿಂದ ಒಂದು ಎಚ್ಚರಿಕೆಯ ಮಾತು: ಇದು ಮಾರ್ಪಡಿಸಿದ ಕೋಶಗಳನ್ನಿಟ್ಟು ಇಲಿಗಳ ಮೇಲೆ ಮಾಡಿದ ಪ್ರಯೋಗ. ನೀಲಿ ಬೆಳಕು ದೇಹದೊಳಗೆ ಆಳಕ್ಕೆ ಇಳಿಯುವುದೂ ಇಲ್ಲ. ಹಿರಿಯರು ಮಾತ್ರೆ ಬಿಟ್ಟು ದೀಪದ ಮುಂದೆ ಕೂರಬಾರದು!

ವಿದ್ಯಾರ್ಥಿಗಳೇ, ಪಾಚಿಗೆ ಬೆಳಕು ಹೇಗೆ ತಿಳಿಯುತ್ತದೆಂದು ಯಾರೋ ತಾಳ್ಮೆಯಿಂದ ಅಭ್ಯಾಸ ಮಾಡಿದ್ದರಿಂದಲೇ ಮುಂದೆ ಮತ್ತೊಬ್ಬರು ಅದನ್ನು ಬ್ಯಾಕ್ಟೀರಿಯಾಕ್ಕೆ ಜೋಡಿಸಲು ಸಾಧ್ಯವಾಯಿತು. “ಇದು ಪರೀಕ್ಷೆಗೆ ಬರುವುದಿಲ್ಲ” ಎಂದು ಯಾವ ಪಾಠವನ್ನೂ ಮುಚ್ಚಿಡಬೇಡಿ. ಇಂದು ನಿರುಪಯೋಗಿ ಎನಿಸಿದ್ದು ನಾಳೆ ಯಾರದೋ ನೋವಿಗೆ ಔಷಧಿಯಾದೀತು.