ಸಂಕಮ್ಮನನ್ನು ಹಾಡಿದವರು, ಕೇಳಿದವರು



2020ರ ಆಗಸ್ಟ್, ಗೌರಿ-ಗಣೇಶ ಹಬ್ಬದ ಸಮಯ. ರ್‍ಯಾಪ್ ಗಾಯಕ ಚಂದನ್ ಶೆಟ್ಟಿ ಅವರ ‘ಕೋಲುಮಂಡೆ’ ಹಾಡಿನ ವಿಡಿಯೊ ಯೂಟ್ಯೂಬಿಗೆ ಬಂತು. ಮಲೆ ಮಹದೇಶ್ವರನ ಜನಪದ ಹಾಡಿಗೆ ಹೊಸ ತಾಳ, ಹೊಸ ಕುಣಿತ ಕೂಡಿಸಿದ ಹಾಡು ಅದು. ಕೆಲವೇ ದಿನಗಳಲ್ಲಿ ಚಾಮರಾಜನಗರ, ಮೈಸೂರು ಕಡೆಯಿಂದ ಆಕ್ಷೇಪ ಎದ್ದಿತು. ಶಿವಶರಣೆ ಸಂಕಮ್ಮನಿಗೆ ಕೊಟ್ಟ ಉಡುಗೆ, ಅವಳನ್ನು ತೋರಿಸಿದ ರೀತಿ ಅವಮಾನಕರ ಎಂದು ಭಕ್ತರೂ ಜನಪದ ಕಲಾವಿದರೂ ಸಿಟ್ಟಾದರು. ಗಾಯಕರು ಕ್ಷಮೆ ಕೇಳಿದರು, ವಿಡಿಯೊ ತೆಗೆಯಲಾಯಿತು.

ಸುದ್ದಿ ಅಲ್ಲಿಗೆ ತಣ್ಣಗಾಯಿತು. ಆದರೆ ಅದರ ಹಿಂದೆ ಒಂದು ದೊಡ್ಡ ಚರಿತ್ರೆ ಇದೆ. ಕವಲಂದೆ, ನಂಜನಗೂಡು, ತಿ. ನರಸೀಪುರ, ಚಾಮರಾಜನಗರ ಸೀಮೆಯ ಜನರನ್ನು ಹಾಡು, ರೇಡಿಯೊ, ಪುಸ್ತಕ, ಸಿನಿಮಾ, ಟಿವಿ ಹೇಗೆ ತೋರಿಸಿದವು, ಯಾರಿಗಾಗಿ ತೋರಿಸಿದವು ಎಂಬ ಚರಿತ್ರೆ.

ಮೊದಲು ಸಂಕಮ್ಮನ ವಿಚಾರ. ಗಂಡ ನೀಲೇಗೌಡ ಕಾಡಿಗೆ ಹೊರಡುವಾಗ, ತಾನಿಲ್ಲದ ಹೊತ್ತಿನಲ್ಲಿ ತಪ್ಪಿ ನಡೆಯುವುದಿಲ್ಲವೆಂದು ಬಲಗೈ ಭಾಷೆ ಕೊಡು ಅನ್ನುತ್ತಾನೆ. ಅವಳು ಕೊಡುವುದಿಲ್ಲ. ಹಿಂಸೆ ಕೊಟ್ಟರೂ, ಮಂತ್ರದ ಕಟ್ಟು ಹಾಕಿ ಗುಡಿಸಲಲ್ಲಿ ಕೂಡಿಹಾಕಿದರೂ ಕೊಡುವುದಿಲ್ಲ. ಅಂಥವಳ ಬಾಗಿಲಿಗೆ ಮಾದಪ್ಪ, ಅಂದರೆ ಮಹದೇಶ್ವರ, ಕೋಲುಮಂಡೆ ಜಂಗಮನಾಗಿ ಭಿಕ್ಷೆಗೆ ಬರುತ್ತಾನೆ. ಆಣೆಗೆ ಬಗ್ಗದ ಹೆಂಗಸಿನ ಕಡೆ ದೇವರೇ ನಿಲ್ಲುವ ಕಾವ್ಯದ ಈ ಸಾಲನ್ನು ಮಾದಪ್ಪನ ಗಾಯಕರಾದ ದೇವರಗುಡ್ಡರು ತಲೆಮಾರುಗಳಿಂದ ಹಾಡಿಕೊಂಡು ಬಂದಿದ್ದಾರೆ. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ, ಒಬ್ಬ ಮುಮ್ಮೇಳ, ಉಳಿದವರು ಹಿಮ್ಮೇಳ. ಎದುರಿಗೆ ಕೂತವರಲ್ಲಿ ಅರ್ಧ ಹೆಂಗಸರು. ಹಾಡುಗಾರ ಸಂಕಮ್ಮನನ್ನು ಹಗುರ ಮಾಡಿದರೆ ಅದನ್ನು ಕೇಳಿಕೊಂಡು ಸುಮ್ಮನಿರುವ ಮಂದಿಯಲ್ಲ ಅವರು. ಕೇಳುವವರು ಕಣ್ಣೆದುರೇ ಇದ್ದಾಗ ಹಾಡಿಗೆ ಒಂದು ಲಗಾಮು ಇರುತ್ತದೆ.

ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲೂ ಇದೇ ಬಲ ಕಾಣುತ್ತದೆ. ಕಲ್ಯಾಣಕ್ಕೆ ಬಂದ ಮಂಟೇಸ್ವಾಮಿಯನ್ನು ನಾರುವ ಮೈಯವನೆಂದು ಬಾಗಿಲಲ್ಲೇ ತಡೆಯುತ್ತಾರೆ. ಕಡೆಗೆ ಬಸವಣ್ಣನೇ ತಿಪ್ಪೆಯ ತನಕ ಹುಡುಕಿಕೊಂಡು ಬರಬೇಕಾಗುತ್ತದೆ. ಹೊರಗೆ ನಿಲ್ಲಿಸಿಕೊಂಡ ಜನ ತಮ್ಮನ್ನು ತಾವೇ ಚಿತ್ರಿಸಿಕೊಂಡರೆ ಕಥೆ ಹೀಗೆ ತಿರುಗುತ್ತದೆ.

ಈಗ ರೇಡಿಯೊ. 1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲೇ ಪುಟ್ಟ ಟ್ರಾನ್ಸ್‌ಮೀಟರ್ ಇಟ್ಟು ಪ್ರಸಾರ ಶುರು ಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆ ಸಿಕ್ಕಿದ್ದು ಆ ಮನೆಯಿಂದ. ಮನಸ್ಸನ್ನು ಓದುವ ಮೇಷ್ಟರು ಊರಿಗೆಲ್ಲ ದನಿ ಮುಟ್ಟಿಸಲು ಸ್ವಂತ ದುಡ್ಡು ಸುರಿದದ್ದು ಸಣ್ಣ ಮಾತಲ್ಲ. ಆದರೆ ಆ ಕಾಲಕ್ಕೆ ರೇಡಿಯೊ ಪೆಟ್ಟಿಗೆ ಇದ್ದದ್ದು ಸಿರಿವಂತರ, ಕಲಿತವರ ಮನೆಗಳಲ್ಲಿ. ಅಲ್ಲಿಂದ ಹೊರಟ ಸಂಗೀತ, ಭಾಷಣ, ನಾಟಕ ಎಲ್ಲಕ್ಕೂ ಕೇಳುಗ ಅಂದರೆ ಪೇಟೆಯ ಕೇಳುಗನೇ. 1942ರಲ್ಲಿ ನಿಲಯ ಮೈಸೂರು ಸರ್ಕಾರದ ಕೈಗೆ ಹೋಯಿತು, 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರವಾಯಿತು. ಮೈಸೂರಿಗೆ ಮತ್ತೆ ಆಕಾಶವಾಣಿ ದಕ್ಕಿದ್ದು 1974ರಲ್ಲಿ.

ಅಷ್ಟರಲ್ಲಿ ಟ್ರಾನ್ಸಿಸ್ಟರ್ ಹೊಲದ ಬದುವಿಗೆ ಬಂದಿತ್ತು. ತಂಜಾವೂರು ಸೀಮೆಯ ರೈತರು ರೇಡಿಯೊದಲ್ಲಿ ಕೇಳಿ ಬೆಳೆದ ಎಡಿಟಿ-27 ತಳಿಗೆ ‘ರೇಡಿಯೊ ಭತ್ತ’ ಅಂತಲೇ ಹೆಸರಿಟ್ಟರು. ಆಕಾಶವಾಣಿ ಕೇಳುಗರನ್ನು ಗುಂಪು ಗುಂಪಾಗಿ ವಿಂಗಡಿಸಿತು. ರೈತರಿಗೊಂದು ಹೊತ್ತು, ಹೆಂಗಸರಿಗೊಂದು ಹೊತ್ತು, ಮಕ್ಕಳಿಗೆ, ಯುವಕರಿಗೆ, ಕಾರ್ಮಿಕರಿಗೆ ಒಂದೊಂದು. ಈ ವಿಂಗಡಣೆಯಿಂದ ಲಾಭವಾದದ್ದು ನಿಜ; ಗೊಬ್ಬರದ ಲೆಕ್ಕ, ಲಸಿಕೆಯ ಸುದ್ದಿ ಹಳ್ಳಿಗೆ ಮುಟ್ಟಿತು. ಆದರೆ ಗುಂಪಿನ ಚಿತ್ರವೂ ಅದರ ಜೊತೆಗೇ ಅಚ್ಚಾಯಿತು. ಸಂಜೆಯ ಕೃಷಿ ಕಾರ್ಯಕ್ರಮ ‘ರೈತ ಬಾಂಧವರೇ’ ಎಂದು ಗಂಡಸನ್ನು ಕರೆಯಿತು. ಮಧ್ಯಾಹ್ನದ ಮಹಿಳಾ ಕಾರ್ಯಕ್ರಮ ಅಡುಗೆ, ಹೊಲಿಗೆ, ಕೂಸಿನ ಆರೈಕೆ ಹೇಳಿತು. ಕಬಿನಿ ನಾಲೆಯ ಬಯಲಿನಲ್ಲಿ ಬಗ್ಗಿ ನಾಟಿ ಹಾಕುವ, ಕಳೆ ಕೀಳುವ ಕೈ ಹೆಣ್ಣಿನದು. ಆ ಹೆಂಗಸು ರೈತರ ಹೊತ್ತಿಗೂ ಸೇರಲಿಲ್ಲ, ಹೆಂಗಸರ ಹೊತ್ತಿಗೂ ಪೂರ್ತಿ ಸೇರಲಿಲ್ಲ.

ಪುಸ್ತಕದ ಕಥೆಯೂ ಹತ್ತಿರದಲ್ಲೇ ಇದೆ. ತಿ. ನರಸೀಪುರ ತಾಲ್ಲೂಕಿನ ಬನ್ನೂರು ಬಳಿಯ ಕೊಡಗಹಳ್ಳಿಗೆ 1948ರಲ್ಲಿ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಬಂದು ನೆಲೆಸಿದರು. ‘ರಾಂಪುರ’ ಎಂಬ ಹೆಸರಿನಲ್ಲಿ ಜಗತ್ತಿನ ವಿಶ್ವವಿದ್ಯಾಲಯಗಳೆಲ್ಲ ಓದಿದ ಹಳ್ಳಿ ಇದೇ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಕೊಠಡಿಗೆ ಬೆಂಕಿ ಬಿದ್ದು ಟಿಪ್ಪಣಿಗಳು ಸುಟ್ಟುಹೋದವು. ಆಮೇಲೆ ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಅಚ್ಚಾಯಿತು. ಹಳ್ಳಿಯಲ್ಲಿ ಅವರು ಇದ್ದದ್ದು ಪಟೇಲರ ಆಶ್ರಯದಲ್ಲಿ, ಪಟೇಲರ ಎತ್ತು ಕಟ್ಟುವ ಮನೆಯಲ್ಲಿ. ತಾವು ಊರನ್ನು ಮೇಲುಜಾತಿಯವರ ಕಡೆಯಿಂದ ನೋಡಿದ್ದು ಹೆಚ್ಚು ಎಂಬುದನ್ನು ಅವರೇ ಮುಚ್ಚುಮರೆಯಿಲ್ಲದೆ ಬರೆದುಕೊಂಡರು. ಆ ಪ್ರಾಮಾಣಿಕತೆಯಿಂದ ಪುಸ್ತಕದ ತೂಕ ಹೆಚ್ಚಿತು. ಆದರೂ ಇಂಗ್ಲಿಷಿನಲ್ಲಿ ಬಂದ ಆ ಕೊಡಗಹಳ್ಳಿಯನ್ನು ಕೊಡಗಹಳ್ಳಿಯ ಕೇರಿಯವರು ಓದಿ ‘ಹೀಗಲ್ಲ, ಹೀಗೆ’ ಅನ್ನುವ ದಾರಿ ಇರಲಿಲ್ಲ.

ಸಿನಿಮಾ ಜನರನ್ನು ಬೇರೆ ರೀತಿಯಲ್ಲಿ ಎಣಿಸಿತು. 1972ರ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ವರ್ಷ ದಾಟಿ ಓಡಿತು. ಮಣ್ಣಿಗೆ ಇಳಿದ ರಾಜೀವನನ್ನು ನೋಡಿ ಪೇಟೆಯ ಹುಡುಗರೂ ಬೇಸಾಯದ ಕನಸು ಕಂಡರು. ರಾಜ್‌ಕುಮಾರ್ ಅವರ ಆ ಪಾತ್ರ ರೈತನಿಗೆ ತೆರೆಯ ಮೇಲೆ ಕೊಟ್ಟ ಘನತೆ ದೊಡ್ಡದು. ಆದರೆ ನೂರಾರು ಚಿತ್ರಗಳಲ್ಲಿ ನಾಯಕ ಗ್ರಂಥದ ಕನ್ನಡ ಆಡಿದ, ಹಳ್ಳಿಯ ಆಡುಮಾತು ಆಳಿನ ಪಾಲಿಗೆ, ನಗಿಸುವವನ ಪಾಲಿಗೆ ಬಂತು. ಹಾಲು ‘ಆಲು’ ಆದರೆ ಚಿತ್ರಮಂದಿರ ನಕ್ಕಿತು. ದಿನವೂ ಹಾಗೆಯೇ ಮಾತಾಡುವ ಜನ ಅದೇ ಚಿತ್ರಮಂದಿರದ ಮುಂದಿನ ಸಾಲಿನಲ್ಲಿ ಕೂತಿದ್ದರು.

1975ರಲ್ಲಿ ಬಿ.ವಿ. ಕಾರಂತರು ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ತೆರೆಗೆ ತಂದರು. ಚಿತ್ರಕ್ಕೆ ಸ್ವರ್ಣಕಮಲ ಬಂತು, ಚೋಮನಾದ ವಾಸುದೇವರಾಯರಿಗೆ ರಾಷ್ಟ್ರಪ್ರಶಸ್ತಿ ಬಂತು. ತುಂಡು ಭೂಮಿಗಾಗಿ ಹಂಬಲಿಸಿದ ಚೋಮನಿಗಾಗಿ ನೋಡಿದವರು ಮರುಗಿದರು. ಆ ಮರುಕವನ್ನು ಕಡಿಮೆ ಮಾಡಿ ಕಾಣಬೇಕಿಲ್ಲ. ಆದರೆ ಅದೇ ದಶಕದಲ್ಲಿ ನಂಜನಗೂಡು ತಾಲ್ಲೂಕಿನ ದೇವನೂರಿನಿಂದ ಬಂದ ದೇವನೂರ ಮಹಾದೇವ ಬೇರೆಯೇ ಜಾಗದಲ್ಲಿ ನಿಂತು ಬರೆಯತೊಡಗಿದ್ದರು. 1973ರ ‘ದ್ಯಾವನೂರು’ ಕಥಾಸಂಕಲನದ ಹೆಸರೇ ಊರಿನವರ ಬಾಯಲ್ಲಿ ಇರುವಂಥದ್ದು.

ಅವರ ‘ಒಡಲಾಳ’ದ ಒಂದು ರಾತ್ರಿಯನ್ನು ನೋಡಬೇಕು. ಮನೆಗೆ ಕಳವಿನ ಕಡಲೆಕಾಯಿ ಮೂಟೆ ಬಂದಿದೆ. ಸಾಕವ್ವ, ಮಕ್ಕಳು, ಸೊಸೆ, ಮೊಮ್ಮಗ ಸುತ್ತ ಕೂತು ಸಿಪ್ಪೆ ಬಿಡಿಸಿ ತಿನ್ನುತ್ತಾರೆ, ಮಾತು, ನಗು, ಜಗಳ ನಡೆಯುತ್ತದೆ, ಬೆಳಗಾಗುವಷ್ಟರಲ್ಲಿ ಮೂಟೆ ಖಾಲಿ. ಮಗಳು ಪುಟ್ಟಗೌರಿ ಗೋಡೆಯ ಮೇಲೆ ನವಿಲು ಬರೆಯುತ್ತಾಳೆ. ಪೊಲೀಸರು ಬರುತ್ತಾರೆ. ಹಸಿವು ಇದೆ, ಅನ್ಯಾಯ ಇದೆ. ಆದರೆ ಓದುಗನ ಕಣ್ಣೀರಿಗಾಗಿ ಆ ಮನೆಯನ್ನು ಬರಿದು ಮಾಡಿಲ್ಲ. ಅಲ್ಲಿ ಜಿಪುಣತನವಿದೆ, ಕೀಟಲೆಯಿದೆ, ಚಿತ್ರಕಲೆಯಿದೆ. ಅವರ ಕಾದಂಬರಿ ‘ಕುಸುಮಬಾಲೆ’ಯಲ್ಲಿ ಊರಿನ ದೀಪಗಳೇ ಜೋತಮ್ಮಗಳಾಗಿ ರಾತ್ರಿ ಸೇರಿ ಮಾತಾಡುತ್ತವೆ. ಈ ಸೀಮೆಯ ನುಡಿ ಅರ್ಥವಾಗದೆ ಹಲವರು ಕಂಗಾಲಾದರು. ವಿದ್ವಾಂಸ ಎಲ್. ಬಸವರಾಜು ಅದನ್ನು ಕಾವ್ಯದ ಸಾಲುಗಳಾಗಿ ಬಿಡಿಸಿ ಕೊಟ್ಟ ಮೇಲೆ ಓದು ಎಷ್ಟೋ ಸಲೀಸಾಯಿತು. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಿನಿಮಾದಲ್ಲಿ ನಗಿಸಲು ಬಳಕೆಯಾದ ಮಾತು ಇಲ್ಲಿ ಕಾದಂಬರಿಯ ಉಸಿರಾಯಿತು. ಓದುಗನೇ ಅದರ ಬಳಿಗೆ ನಡೆದು ಬರಬೇಕಾಯಿತು.

ಎಪ್ಪತ್ತರ ದಶಕದಲ್ಲೇ ಮೈಸೂರಿನಿಂದ ‘ಪಂಚಮ’ ಪತ್ರಿಕೆ ದಲಿತರ ದನಿಯಾಗಿ ಹೊರಟಿತು. ರಾಜಶೇಖರ ಕೋಟಿ 1972ರಲ್ಲಿ ಧಾರವಾಡದಲ್ಲಿ ಹುಟ್ಟುಹಾಕಿ ಮೈಸೂರಿಗೆ ತಂದ ‘ಆಂದೋಲನ’, ಮೈಸೂರು ಸುತ್ತಲ ಜಿಲ್ಲೆಗಳ ಓದುಗರನ್ನೇ ನಂಬಿ ಬೆಳೆಯಿತು. ಕ್ಯಾಸೆಟ್ ಕಾಲ ಬಂದಾಗ ಜನಪದ ಗಾಯಕ ಮಳವಳ್ಳಿ ಮಹದೇವಸ್ವಾಮಿ ಅವರ ಕಥೆಗಳು ಟೀ ಅಂಗಡಿ, ಟ್ರ್ಯಾಕ್ಟರ್, ಜಾತ್ರೆಗಳಲ್ಲಿ ಮೊಳಗಿದವು. 1996ರ ‘ಜನುಮದ ಜೋಡಿ’ ಚಿತ್ರದಲ್ಲಿ ನಿರ್ದೇಶಕ ನಾಗಾಭರಣ ಮಾದಪ್ಪನ ಹಾಡನ್ನು ಇಡೀ ನಾಡಿನ ಬಾಯಿಗೆ ತಂದರು, ಆಗ ಈ ಕಡೆಯವರು ಅದನ್ನು ಸಂತೋಷದಿಂದಲೇ ಒಪ್ಪಿಕೊಂಡರು. 2020ರ ಸಿಟ್ಟು ಹೊಸ ವಾದ್ಯದ ಮೇಲಿನದಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಸಿಟ್ಟಿನ ಹಿಂದೆ ಇದ್ದದ್ದು ಸಂಕಮ್ಮನ ಮರ್ಯಾದೆಯ ಪ್ರಶ್ನೆ.

ಜಾಹೀರಾತು ತನ್ನ ಗಿರಾಕಿ ಯಾರೆಂದು ಮುಚ್ಚಿಡುವುದಿಲ್ಲ. 2025ರ ಮೇ ತಿಂಗಳಲ್ಲಿ ಮೈಸೂರು ಸ್ಯಾಂಡಲ್ ಸಾಬೂನಿಗೆ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿಗೆ ರಾಯಭಾರಿ ಮಾಡಿದಾಗ, ಕನ್ನಡದ ನಟಿಯರು ಇರಲಿಲ್ಲವೇ ಎಂಬ ಪ್ರಶ್ನೆ ಎದ್ದಿತು. ಹೊರರಾಜ್ಯಗಳ ಮಾರುಕಟ್ಟೆಗಾಗಿ ಈ ಆಯ್ಕೆ ಎಂದು ಸಚಿವ ಎಂ.ಬಿ. ಪಾಟೀಲ ನೇರವಾಗಿ ಉತ್ತರಿಸಿದರು. ಒಪ್ಪುವುದು ಬಿಡುವುದು ಬೇರೆ, ಲೆಕ್ಕವಂತೂ ಮೇಜಿನ ಮೇಲಿತ್ತು.

ಟಿವಿ ಸುದ್ದಿ ಅಷ್ಟು ಬಿಚ್ಚಿ ಹೇಳುವುದಿಲ್ಲ. 2022ರ ಮೇ ತಿಂಗಳ ರಂಜಾನ್ ಹಬ್ಬದ ದಿನ ಕವಲಂದೆಯಲ್ಲಿ ಕೇಳಿಬಂದ ಪ್ರಚೋದನಕಾರಿ ಘೋಷಣೆಯೊಂದರ ಪುಟ್ಟ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹರಿದು ರಾಜ್ಯವಿಡೀ ಸುದ್ದಿಯಾಯಿತು. ಪೊಲೀಸರು ಪ್ರಕರಣ ದಾಖಲಿಸಿದರು. ಅದು ಕಾನೂನಿನ ಕೆಲಸ, ಆಗಬೇಕಾದದ್ದು. ಆದರೆ ಮೈಸೂರು–ಚಾಮರಾಜನಗರ ರೈಲು ನಿಲ್ಲುವ ಈ ಊರನ್ನು ಅದುವರೆಗೆ ಕೇಳಿಯೇ ಇರದ ಲಕ್ಷಾಂತರ ಜನರಿಗೆ ಕವಲಂದೆ ಅಂದರೆ ಆ ಕೆಲವು ಕ್ಷಣಗಳೇ ಆಗಿಬಿಟ್ಟವು. ಹಬ್ಬ ಮುಗಿಸಿ ಮಾರನೆಯ ದಿನ ಅಂಗಡಿ ತೆರೆದವರು, ಹೊಲಕ್ಕೆ ಹೋದವರು, ಅಕ್ಕಪಕ್ಕದ ಮನೆಯ ಹಿಂದೂ ಮುಸಲ್ಮಾನರು ಆ ಚಿತ್ರದಲ್ಲಿ ಇರಲಿಲ್ಲ. ಆ ಸುದ್ದಿಯನ್ನು ಕಟ್ಟಿದ್ದು ಕವಲಂದೆಯ ನೋಡುಗರಿಗಾಗಿ ಅಲ್ಲವಲ್ಲ.

ಊರಿಗೆ ತನ್ನದೇ ದನಿ ಇರುವ ದಾರಿಯೊಂದು ಕರ್ನಾಟಕದಲ್ಲೇ ಕಂಡಿದೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2003ರಲ್ಲಿ ‘ನಮ್ಮ ಧ್ವನಿ’ ಶುರುವಾದಾಗ ಸ್ವಯಂಸೇವಾ ಸಂಸ್ಥೆಗಳಿಗೆ ಗಾಳಿಯಲ್ಲಿ ಪ್ರಸಾರ ಮಾಡಲು ಅನುಮತಿ ಇರಲಿಲ್ಲ. ಮನೆಮನೆಗೆ ಕೇಬಲ್ ಎಳೆದು ಊರವರ ಕಾರ್ಯಕ್ರಮ ಮುಟ್ಟಿಸಿದರು. 2006ರಲ್ಲಿ ಕೇಂದ್ರ ಸರ್ಕಾರ ಸಮುದಾಯ ಬಾನುಲಿಯ ಬಾಗಿಲು ತೆರೆಯಿತು. ಮೈಸೂರು ಜಿಲ್ಲೆಯ ಸರಗೂರಿನಿಂದ ‘ಜನಧ್ವನಿ’ 90.8 ಎಫ್.ಎಂ. ಕೇಳಿಸತೊಡಗಿತು. ಇಂಥ ನಿಲಯಗಳಲ್ಲಿ ಕನಿಷ್ಠ ಅರ್ಧದಷ್ಟು ಕಾರ್ಯಕ್ರಮ ಸ್ಥಳೀಯರು ಸೇರಿ ಮಾಡಿದ್ದಾಗಿರಬೇಕು ಎಂಬುದು ನಿಯಮ. ಕವಲಂದೆ ಸೀಮೆಗೂ ಇಂಥದ್ದು ಬೇಕು. ಅಲ್ಲಿ ನಾಟಿ ಹಾಕುವ ಹೆಂಗಸು ಭತ್ತದ ವಿಚಾರ ತಾನೇ ಹೇಳಲಿ, ಹಬ್ಬದ ಸುದ್ದಿಯನ್ನು ಹಬ್ಬ ಮಾಡಿದವರು ಓದಲಿ, ದೇವರಗುಡ್ಡರು ಸಂಕಮ್ಮನ ಸಾಲನ್ನು ಅರ್ಧಕ್ಕೆ ನಿಲ್ಲಿಸದೆ ಹಾಡಲಿ. ಅರ್ಜಿ ಹಾಕಲು ಶಿಕ್ಷಣ ಸಂಸ್ಥೆಗಳಿಗೆ, ಕೃಷಿ ವಿಜ್ಞಾನ ಕೇಂದ್ರಗಳಿಗೆ, ಕನಿಷ್ಠ ಮೂರು ವರ್ಷ ಊರಿನ ಕೆಲಸ ಮಾಡಿದ ನೋಂದಾಯಿತ ಸಂಘಗಳಿಗೆ ಅವಕಾಶವಿದೆ. ಕವಲಂದೆ ಇರುವ ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ತಾಲ್ಲೂಕಿನ ತುಂಬ ಕಾಲೇಜುಗಳಿವೆ, ಸಂಘಗಳಿವೆ.