ಹುಲ್ಲುಹಾಸಿನ ಅಡಿಯ ನೆಲ

ನರ್ಸರಿಯಲ್ಲಿ ಬೆಳೆಸಿ, ಬೇರು ಮತ್ತು ತೆಳುವಾದ ಮಣ್ಣಿನ ಪದರದ ಸಮೇತ ಚೌಕಗಳಾಗಿ ಕತ್ತರಿಸಿ ತಂದು ಹಾಸುವ ಹುಲ್ಲು, ಬೆಂಗಳೂರಿನ ಹೊಸ ಬಡಾವಣೆಗಳ ಮನೆಯಂಗಳವನ್ನು ಒಂದೇ ದಿನದಲ್ಲಿ ಹಸಿರಾಗಿಸುತ್ತದೆ. ಆದರೆ ಆ ಪದರ ಹುಲ್ಲನ್ನು ಕೆಲಕಾಲ ಮಾತ್ರ ಸಾಕಬಲ್ಲದಾದ್ದರಿಂದ, ಎರಡು ಮೂರು ವಾರಗಳಲ್ಲಿ ಹೊಸ ಬೇರುಗಳು ಕೆಳಗಿನ ನೆಲಕ್ಕೆ ಇಳಿಯದಿದ್ದರೆ ಹಾಸು ಒಣಗತೊಡಗುತ್ತದೆ. ಹಾಸುವುದಕ್ಕೆ ಒಂದು ದಿನ ಸಾಕಾದರೂ ನೆಲವನ್ನು ಅಣಿಗೊಳಿಸಲು ಒಂದೆರಡು ತಿಂಗಳು ಹಿಡಿಯುತ್ತದೆಂದರೆ, ಗೃಹಪ್ರವೇಶದ ಮುಹೂರ್ತ ಗೊತ್ತುಮಾಡಿಕೊಂಡ ಮನೆಯವರಿಗೆ ಅದು ಸಾಮಾನ್ಯವಾಗಿ ರುಚಿಸುವುದಿಲ್ಲ.

ಹೊಸ ಮನೆಯ ಅಂಗಳಕ್ಕೆ ಮೊದಲ ತೊಡಕು ಆ ಮನೆಯೇ. ಇಟ್ಟಿಗೆ ಚೂರು, ಗಾರೆಯ ಹೆಂಟೆ, ಸಿಮೆಂಟ್ ಕಲಸಿದ ಜಾಗದ ಗಟ್ಟಿ ಪದರ, ಇವೆಲ್ಲ ಮೇಲೆ ಹರಡಿದ ಕೆಮ್ಮಣ್ಣಿನ ಅಡಿ ಮರೆಯಾಗಿರುತ್ತವೆ. ಸಿಮೆಂಟಿನ ಸುಣ್ಣದ ಅಂಶವು ಮಣ್ಣಿನ ರಸಸಾರವನ್ನು, ಅಂದರೆ ಮಣ್ಣು ಎಷ್ಟು ಹುಳಿ ಅಥವಾ ಎಷ್ಟು ಕ್ಷಾರ ಎಂಬುದರ ಅಳತೆಯನ್ನು, ಏರಿಸುವುದರಿಂದ, ಮಣ್ಣಿನಲ್ಲಿ ಕಬ್ಬಿಣವಿದ್ದರೂ ಅದು ಬೇರಿಗೆ ದಕ್ಕದೆ ಎಲೆ ಹಳದಿಗಟ್ಟುತ್ತದೆ. ಇದರ ಜೊತೆಗೆ ಲಾರಿಗಳ ಭಾರಕ್ಕೆ ನೆಲ ಒತ್ತಿಹೋಗಿರುತ್ತದೆ. ಒಂದಡಿ ಆಳದ ಗುಂಡಿಗೆ ತುಂಬಿದ ನೀರು ಮರುದಿನವೂ ನಿಂತಿದ್ದರೆ ಅಲ್ಲಿ ನೀರು ಬಸಿಯುವುದಿಲ್ಲವೆಂದೇ ತಿಳಿಯಬೇಕು.

ಅವಶೇಷ ಹೆಕ್ಕಿದ ಮೇಲೆ 6ರಿಂದ 8 ಅಂಗುಲ ಆಳಕ್ಕೆ ಅಗೆಯುವುದು ವಾಡಿಕೆ. ಅದಕ್ಕೆ ಮಣ್ಣು ಹದಕ್ಕೆ ಬಂದಿರಬೇಕು: ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ, ಬೆರಳು ತಾಗಿಸಿದರೆ ಉದುರಬೇಕು.

ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವುದು ಜೇಕು ಎಂಬ ಕಳೆ. ಆಯುರ್ವೇದದಲ್ಲಿ ಭದ್ರಮುಷ್ಟಿಯೆಂದು ಬೆಲೆಯುಳ್ಳ ಇದರ ಗಡ್ಡೆಗಳು ಮಣ್ಣಿನೊಳಗೆ ಸರಪಳಿಯಂತೆ ಹೆಣೆದುಕೊಂಡಿದ್ದು, ತುದಿಯ ಗಡ್ಡೆ ಮೊಳೆತಿರುವಾಗ ಉಳಿದವು ಬಹುಮಟ್ಟಿಗೆ ಸುಪ್ತವಾಗಿರುತ್ತವೆ. ಯಂತ್ರದಿಂದ ಒಮ್ಮೆ ಉತ್ತು ಸರಪಳಿ ತುಂಡಾಯಿತೆಂದರೆ ಮಲಗಿದ್ದ ಗಡ್ಡೆಗಳೂ ಚಿಗುರೊಡೆಯುತ್ತವೆ. ಆದ್ದರಿಂದ ಅಗೆದ ನೆಲಕ್ಕೆ ಹುಲ್ಲು ಹಾಸದೆ ಬರಿದೆ ನೀರುಣಿಸಿ, ಜೇಕು ಮೊಳೆತ ಕೂಡಲೇ ಗಡ್ಡೆಸಮೇತ ಕಿತ್ತು, ಇದನ್ನೇ ಎರಡು ಮೂರು ಬಾರಿ ಮಾಡುವುದು ಲೇಸು. ಬೇಸಿಗೆಯಲ್ಲಿ ತೇವದ ನೆಲಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಬಿಸಿಲಿನ ಕಾವಿನಿಂದ ಕಳೆಬೀಜಗಳನ್ನು ಕೊಲ್ಲುವ ವಿಧಾನವೂ ಉಂಟಾದರೂ, ಆಳದ ಗಡ್ಡೆಗಳು ಅದಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಗಣಪತಿಗೆ ಪ್ರಿಯವಾದ ಗರಿಕೆ ಕೂಡ, ಬೇರೆ ಜಾತಿಯ ಹಾಸಿನ ನಡುವೆ ತಲೆಯೆತ್ತಿದರೆ, ಕಳೆಯ ಪಟ್ಟಿಗೇ ಸೇರುತ್ತದೆ.

ಗಟ್ಟಿ ನೆಲದ ಮೇಲೆ ಕೊಂಡುತಂದ ಮಣ್ಣನ್ನೋ ಮರಳನ್ನೋ ಸುಮ್ಮನೆ ಹರಡುವ ರೂಢಿ ಸಲ್ಲದು. ಕಣಗಳ ಗಾತ್ರ ಬೇರೆಯಾದ ಎರಡು ಪದರ ಕೂಡುವೆಡೆ ನೀರು ತಡೆದು ನಿಲ್ಲುವುದರಿಂದ ಬೇರು ಅಲ್ಲಿಗೇ ತಂಗುತ್ತದೆ. ಹೊಸ ಮಣ್ಣನ್ನೂ ಚೆನ್ನಾಗಿ ಕಳಿತ ಗೊಬ್ಬರವನ್ನೂ ಹಳೆಯ ನೆಲದೊಳಕ್ಕೆ ಬೆರೆಸಿ, ಮನೆಯಿಂದ ಹೊರಕ್ಕೆ ತುಸು ಇಳಿಜಾರು ಕೊಟ್ಟು, ಕಾಲುದಾರಿಗಿಂತ ಸುಮಾರು ಒಂದಂಗುಲ ತಗ್ಗಿಗೆ ಮಟ್ಟ ಮಾಡಿ, ಹಗುರ ರೋಲರ್ ಎಳೆದು, ನೀರು ಬಿಟ್ಟಾಗ ಕುಸಿದ ಕಡೆಗಳನ್ನು ತುಂಬಿ, ತೇವವಿರುವಾಗಲೇ ಹಾಸಬೇಕು. ಮೂರು ವಾರ ಕಳೆದ ಮೇಲೆ ಚೌಕದ ಮೂಲೆಯನ್ನು ಮೆಲ್ಲಗೆ ಎತ್ತಿದಾಗ ಅದು ಸಲೀಸಾಗಿ ಮೇಲೆ ಬಂದರೆ, ಹುಲ್ಲು ಕತ್ತರಿಸುವ ಯಂತ್ರವನ್ನು ಬದಿಗಿಟ್ಟು ಅಡಿಯ ಮಣ್ಣನ್ನೇ ಮತ್ತೆ ಪರೀಕ್ಷಿಸಬೇಕಾಗುತ್ತದೆ.